ಯಂತ್ರದ ಲೆಕ್ಕ, ಮನುಷ್ಯನ ರುಜು

ಚಿತ್ತವಾಡ್ಗಿಯ ನಮ್ಮ ಓಣಿಯ ಕೊನೆಗೆ ಒಂದು ನ್ಯಾಯಬೆಲೆ ಅಂಗಡಿಯಿದೆ. ಜನ ಅದನ್ನು ಆ ಹೆಸರಿನಿಂದ ಕರೆಯುವುದಿಲ್ಲ. ಹಿಂದಿನಿಂದಲೂ ಅದು ‘ಸೊಸೈಟಿ’. ತಿಂಗಳಲ್ಲಿ ಒಂದು ವಾರ ಅದರ ಮುಂದೆ ಚೀಲಗಳ ಸಾಲು ಹತ್ತುತ್ತದೆ. ಮನುಷ್ಯರು ಬೇವಿನ ನೆರಳಿನಲ್ಲಿ ಕುಳಿತಿರುತ್ತಾರೆ, ಅವರ ಪರವಾಗಿ ಚೀಲಗಳು ಬಿಸಿಲಿನಲ್ಲಿ ಪಾಳಿ ಕಾಯುತ್ತವೆ. ಈಚೆಗೊಂದು ಬೆಳಿಗ್ಗೆ ನಾನೂ ಆ ಸಾಲಿನ ಬಳಿ ನಿಲ್ಲಬೇಕಾಯಿತು. ನಾನು ಅಲ್ಲಿ ಪಡೆಯಬೇಕಾದುದೇನೂ ಇರಲಿಲ್ಲ. ನೆರೆಮನೆಯ ಅಜ್ಜಿಯೊಬ್ಬರು, ‘ನೀವಾದ್ರೂ ಬಂದು ಒಂದು ಮಾತು ಹೇಳಿ ನೋಡ್ರಿ, ಮೇಷ್ಟ್ರೇ’ ಎಂದು ಕರೆದುದರಿಂದ ಹೋದೆ.

ಅಜ್ಜಿಗೆ ಎಪ್ಪತ್ತು ದಾಟಿದೆ. ಇಲ್ಲಿಯ ಸಕ್ಕರೆ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಕಬ್ಬು ಕಡಿದವರು. ಅದು ಮುಚ್ಚಿದ ಮೇಲೆ ಕಾಲುವೆಯ ಕೆಳಗಿನ ಬಾಳೆಯ ತೋಟಗಳಲ್ಲಿ ಕೂಲಿ ಮಾಡಿದವರು. ಐವತ್ತು ವರುಷ ಮಚ್ಚು ಕುಡುಗೋಲು ಹಿಡಿದ ಹೆಬ್ಬೆರಳಿನಲ್ಲಿ ಗೆರೆಗಳು ಎಷ್ಟು ಉಳಿದಾವು? ಅಂಗಡಿಯವನು ಮುಂದೆ ಚಾಚಿದ ಪುಟ್ಟ ಗಾಜಿನ ಮೇಲೆ ಅವರು ಬೆರಳು ಒತ್ತಿದರು; ಸೆರಗಿಗೆ ಒರೆಸಿಕೊಂಡು ಒತ್ತಿದರು; ತಲೆಯ ಎಣ್ಣೆಯನ್ನು ಸವರಿಕೊಂಡು ಒತ್ತಿದರು; ಕೊನೆಗೆ ಎಡಗೈಯ ಬೆರಳನ್ನು ಕೊಟ್ಟರು. ನಾಲ್ಕು ಸಲವೂ ಯಂತ್ರ ಒಲ್ಲೆನೆಂದಿತು. ‘ಮಷೀನು ತೊಗೊಳ್ಳವಲ್ದು, ಯಮ್ಮಾ. ನಾನೇನು ಮಾಡ್ಲಿ?’ ಎಂದ ಅಂಗಡಿಯವನು. ಅವನ ದನಿಯಲ್ಲಿ ಒರಟುತನವಿರಲಿಲ್ಲ, ನಿಜವಾದ ಪೇಚಾಟವಿತ್ತು.

ಆ ಪೇಚಾಟವೇ ನನ್ನನ್ನು ಈ ಲೇಖನಕ್ಕೆ ಎಳೆದುದು. ಅವನು ಅಜ್ಜಿಯನ್ನು ಮೂವತ್ತು ವರುಷಗಳಿಂದ ಬಲ್ಲ. ಅವರ ಗಂಡ ತೀರಿಕೊಂಡ ವರುಷವನ್ನು ಬಲ್ಲ. ಮಗಳನ್ನು ಕಂಪ್ಲಿಯ ಕಡೆಗೆ ಕೊಟ್ಟಿರುವುದನ್ನು ಬಲ್ಲ. ಮೊಮ್ಮಗ ಬೆಂಗಳೂರಿನಲ್ಲಿ ದುಡಿಯುವುದನ್ನೂ ಬಲ್ಲ. ಈಕೆ ಈಕೆಯೇ ಹೌದೆಂಬುದಕ್ಕೆ ಊರೆಲ್ಲ ಸಾಕ್ಷಿ. ಆದರೆ ಆ ಬೆಳಿಗ್ಗೆ ಊರಿನ ತಿಳಿವಳಿಕೆಗೆ ಕವಡೆಯ ಬೆಲೆಯೂ ಇರಲಿಲ್ಲ. ಬಲ್ಲವನೊಬ್ಬ ತಾನು ಬಲ್ಲೆನೆಂದು ಹೇಳುವ ಅಧಿಕಾರವನ್ನೇ ಕಳೆದುಕೊಂಡು ಕುಳಿತಿದ್ದ. ಯಂತ್ರ ತಪ್ಪಿತು ಎಂಬುದು ಅಷ್ಟು ದೊಡ್ಡ ಸಂಗತಿಯಲ್ಲ. ತಪ್ಪದ ಯಂತ್ರವೂ ಇಲ್ಲ, ತಪ್ಪದ ಮನುಷ್ಯನೂ ಇಲ್ಲ. ಎದುರಿಗೆ ಇಬ್ಬರು ಮೂವರು ಮನುಷ್ಯರು ನಿಂತಿದ್ದು, ತಪ್ಪು ಎಂಬುದು ಎಲ್ಲರಿಗೂ ಕಾಣುತ್ತಿದ್ದು, ಅದನ್ನು ತಿದ್ದಲು ಯಾರಿಗೂ ಕೈ ಬಾರದೆ ಹೋಯಿತಲ್ಲ, ಅದು ಹೊಸದು.

ಗಣಕಯಂತ್ರಕ್ಕೂ ಅದರ ಮಗುವಾದ ಕೃತಕ ಬುದ್ಧಿಮತ್ತೆಗೂ ಮನುಷ್ಯ ಸಮಾಜದಲ್ಲಿ ಯಾವ ಎಲ್ಲೆ ಇರಬೇಕೆಂಬ ಚರ್ಚೆ ಈಗ ಲೋಕದಲ್ಲೆಲ್ಲ ನಡೆದಿದೆ. ಆ ಚರ್ಚೆಯನ್ನು ಓದುವಾಗ, ಅದು ಎಲ್ಲಿಯೋ ಸಮುದ್ರದಾಚೆಯ ಪ್ರಯೋಗಶಾಲೆಗಳ ಮಾತೆಂದು, ನಾಳೆ ನಾಡಿದ್ದಿನ ಭಯವೆಂದು ನಮಗೆ ತೋರುವುದುಂಟು. ನನಗನ್ನಿಸುವಂತೆ ಅದು ನಮ್ಮ ಓಣಿಗೆ ಬಂದು ಎಷ್ಟೋ ವರುಷವಾಯಿತು.

ಮೊದಲು ಯಂತ್ರದ ಪರವಾಗಿ ಹೇಳಬೇಕಾದುದನ್ನು ಹೇಳಿಬಿಡುತ್ತೇನೆ. ಆ ಪೆಟ್ಟಿಗೆ ಸುಮ್ಮನೆ ಬರಲಿಲ್ಲ. ಸತ್ತವರ ಹೆಸರಿನಲ್ಲಿ ಅಕ್ಕಿ ಎತ್ತಿದವರು, ಇಲ್ಲದ ಮನೆಗಳಿಗೆ ಚೀಟಿ ಬರೆದವರು, ‘ಸ್ಟಾಕು ಬಂದಿಲ್ಲ’ ಎಂದು ಹೇಳಿ ರಾತ್ರಿ ಮೂಟೆ ಸಾಗಿಸಿದವರು ಎಲ್ಲರೂ ಮನುಷ್ಯರೇ. ಅಂಗಡಿಯವನ ‘ಬಲ್ಲೆ’ ಎಂಬ ಮಾತಿನ ಮೇಲೆ ನಾಡಿನ ಪಡಿತರವನ್ನೆಲ್ಲ ನಿಲ್ಲಿಸಿದ್ದಾಗ ಏನಾಯಿತೆಂಬುದು ನಮಗೆ ಮರೆತಿಲ್ಲ. ಕಳ್ಳನನ್ನು ತಡೆಯಲು ಕಟ್ಟಿದ ಬೇಲಿಯಿದು. ಪ್ರಶ್ನೆ, ಆ ಬೇಲಿ ಯಾರ ಹೊಟ್ಟೆಯನ್ನು ಗೀರುತ್ತಿದೆ ಎಂಬುದು.

ಬೆರಳಚ್ಚಿನ ಯಂತ್ರ ಕೆಲಸ ಮಾಡುವ ಬಗೆಯನ್ನು ತುಸು ವಿವರಿಸಬೇಕು. ಏಕೆಂದರೆ ಇಡೀ ನೀತಿಪ್ರಶ್ನೆ ಅದರ ಒಂದು ಸಣ್ಣ ತಿರುಪಿನಲ್ಲಿ ಅಡಗಿದೆ. ಯಂತ್ರ ಬೆರಳನ್ನು ನೋಡಿ ಹೌದು ಅಲ್ಲ ಎಂದು ಅರಿಯುವುದಿಲ್ಲ. ಗೆರೆಗಳು ಎಲ್ಲಿ ಕವಲೊಡೆಯುತ್ತವೆ, ಎಲ್ಲಿ ಮುಗಿಯುತ್ತವೆ ಎಂಬ ಗುರುತುಗಳನ್ನು ಎಣಿಸಿ, ಹಿಂದೆ ಬರೆದಿಟ್ಟ ಗುರುತುಗಳೊಡನೆ ಹೋಲಿಸಿ, ಎಷ್ಟು ಹೊಂದುತ್ತದೆ ಎಂಬ ಒಂದು ಅಂಕವನ್ನು ಕೊಡುತ್ತದೆ. ಇಂತಿಷ್ಟು ಅಂಕದ ಮೇಲೆ ಬಂದರೆ ‘ಹೌದು’, ಕೆಳಗೆ ಬಂದರೆ ‘ಅಲ್ಲ’ ಎಂಬ ಗೆರೆಯನ್ನು ಎಳೆಯುವವನು ಮನುಷ್ಯ. ಗೆರೆಯನ್ನು ಮೇಲಕ್ಕೆ ಏರಿಸಿದರೆ ಸುಳ್ಳುಗಾರರು ನುಸುಳುವುದು ಕಡಿಮೆಯಾಗುತ್ತದೆ, ಆದರೆ ನಿಜವಾದ ಹಕ್ಕುದಾರರು ಹೆಚ್ಚಾಗಿ ಹಿಂದಿರುಗುತ್ತಾರೆ. ಕೆಳಕ್ಕೆ ಇಳಿಸಿದರೆ ಅದರ ತಿರುಗುಮುರುಗು. ಎರಡು ತಪ್ಪುಗಳನ್ನೂ ಒಟ್ಟಿಗೆ ಇಲ್ಲವಾಗಿಸುವ ಗೆರೆ ಯಾವ ಶಾಸ್ತ್ರದಲ್ಲಿಯೂ ಇಲ್ಲ. ಹಾಗಾದರೆ, ಹತ್ತು ಮಂದಿ ಕಳ್ಳರನ್ನು ತಡೆಯಲು ಎಷ್ಟು ಮಂದಿ ಮುದುಕಿಯರನ್ನು ಬರಿಗೈಯಲ್ಲಿ ಕಳುಹಿಸಬಹುದು? ಇದು ಎಂಜಿನಿಯರನು ಒಬ್ಬನೇ ಉತ್ತರಿಸುವ ಪ್ರಶ್ನೆಯೇನು? ಯಾವ ಗ್ರಾಮಸಭೆಯ ಮುಂದೆಯೂ, ನಾನು ಕಂಡಂತೆ, ಈ ಗೆರೆ ಚರ್ಚೆಗೆ ಬರಲಿಲ್ಲ. ಯಂತ್ರ ನಿಷ್ಪಕ್ಷಪಾತಿ ಎನ್ನುವವರು ಈ ತಿರುಪನ್ನು ಕಂಡಿಲ್ಲ. ಸಾಲಿನಲ್ಲಿ ನಿಂತವರಲ್ಲಿ ಗೆರೆ ಸವೆದ ಬೆರಳು ಯಾರದು? ಕಬ್ಬು ಕಡಿದವರದು, ಕಲ್ಲು ಒಡೆದವರದು, ಸಂಡೂರಿನ ಗುಡ್ಡಗಳಲ್ಲಿ ಅದಿರು ಹೊತ್ತವರದು. ಕುರ್ಚಿಯ ಮೇಲೆ ಕುಳಿತು ಬಾಳಿದ ನನ್ನ ಹೆಬ್ಬೆರಳನ್ನು ಯಂತ್ರ ಮೊದಲನೆಯ ಸಲಕ್ಕೇ ಒಪ್ಪುತ್ತದೆ.

ಇನ್ನು ನಮ್ಮ ಭಾಷೆಯಲ್ಲೇ ಇರುವ ಒಂದು ಸ್ವಾರಸ್ಯ. ‘ಗಣಕ’ ಎಂಬ ಪದ ಹಿಂದೆ ಯಂತ್ರಕ್ಕೆ ಇದ್ದುದಲ್ಲ. ಲೆಕ್ಕ ಮಾಡುವ ಮನುಷ್ಯನಿಗೆ ಇದ್ದುದು. ಹೊಸಪೇಟೆಯ ಸೀಮೆ 1953ರವರೆಗೆ ಮದರಾಸಿಗೆ ಸೇರಿದ್ದುದರಿಂದ ನಮ್ಮಲ್ಲಿ ಊರಿನ ಲೆಕ್ಕಿಗನನ್ನು ಕರಣಂ ಎನ್ನುತ್ತಿದ್ದರು. ಹಳೆಯ ಮೈಸೂರಿನಲ್ಲಿ ಅವನೇ ಶಾನುಭೋಗ. ಕರಣಂ ಬರೆದದ್ದೇ ಹೊಲ, ಬಿಟ್ಟದ್ದೇ ಬೀಳು. ಅವನ ಕಡತದ ಮುಂದೆ ರೈತ ಹೇಗೆ ಕೈಕಟ್ಟಿ ನಿಲ್ಲುತ್ತಿದ್ದನೆಂಬುದನ್ನು ಹಿರಿಯರಿಂದ ಕೇಳಿದವರು ಯಾರೂ ‘ಹಿಂದಿನ ಕಾಲವೇ ಚೆನ್ನಿತ್ತು’ ಎಂದು ಸುಲಭವಾಗಿ ಹೇಳಲಾರರು. ಆನುವಂಶಿಕ ಹುದ್ದೆಗಳು 1960ರ ದಶಕದಲ್ಲಿ ಹೋದವು, ಗ್ರಾಮಲೆಕ್ಕಿಗರು ಬಂದರು, ಕೈ ಬದಲಾಯಿತು, ಕಡತ ಬದಲಾಗಲಿಲ್ಲ. 2000ದ ಸುಮಾರಿಗೆ ‘ಭೂಮಿ’ ಯೋಜನೆ ಬಂದು ನಾಡಿನ ಸುಮಾರು 2 ಕೋಟಿ ಪಹಣಿಗಳನ್ನು, 67 ಲಕ್ಷ ಹಿಡುವಳಿದಾರರ ಹೆಸರುಗಳನ್ನು ಗಣಕಯಂತ್ರಕ್ಕೆ ಏರಿಸಿತು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಪಹಣಿ ಕೈಗೆ ಬರುತ್ತಿತ್ತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು.

ಈ ಯೋಜನೆಯಲ್ಲಿ ನನಗೆ ಮೆಚ್ಚಿಕೆಯಾದ ಅಂಶ ವೇಗವಲ್ಲ. ಖಾತೆ ಬದಲಾವಣೆಯ ಅರ್ಜಿ ಬಂದಾಗ, ಜಮೀನು ಯಾರದು ಎಂದು ಅಲ್ಲಿ ಯಂತ್ರ ನಿರ್ಣಯಿಸುತ್ತಿರಲಿಲ್ಲ. ನೋಟೀಸು ಹೊರಡಬೇಕು, ಆಕ್ಷೇಪಣೆಗೆ ಅವಧಿ ಸಲ್ಲಬೇಕು, ಕಂದಾಯ ಇಲಾಖೆಯ ಮನುಷ್ಯನೊಬ್ಬ ಆದೇಶ ಬರೆಯಬೇಕು. ಯಂತ್ರ ಮಾಡಿದ್ದು ಇಷ್ಟು: ಮೊದಲು ಬಂದ ಅರ್ಜಿಯನ್ನು ಮೊದಲು ತೆಗೆದುಕೊಳ್ಳುವಂತೆ ಅಧಿಕಾರಿಯನ್ನು ಕಟ್ಟಿಹಾಕಿತು, ಬೆರಳಚ್ಚು ಕೊಟ್ಟು ಒಳಹೊಕ್ಕ ಸಿಬ್ಬಂದಿಯ ಗುರುತನ್ನು ಬರೆದಿಟ್ಟಿತು. ಗಮನಿಸಬೇಕು: ಅಲ್ಲಿ ಬೆರಳಚ್ಚು ಕೊಡಬೇಕಾಗಿದ್ದವನು ಅಧಿಕಾರಿ, ಸೊಸೈಟಿಯಲ್ಲಿ ಬೆರಳು ಕೊಡಬೇಕಾದವಳು ಹಸಿದವಳು. ಒಂದೇ ಯಂತ್ರ, ಯಾರ ಕಡೆಗೆ ಮುಖ ಮಾಡಿದೆ ಎಂಬುದರ ಮೇಲೆ ಅದರ ನೀತಿ ಬದಲಾಗುತ್ತದೆ. ‘ಭೂಮಿ’ ದೋಷರಹಿತವಾಗಿತ್ತೆಂದು ನಾನು ಹೇಳುವುದಿಲ್ಲ. ಹಳೆಯ ಕಡತದ ತಪ್ಪುಗಳೂ ಅಚ್ಚುಕಟ್ಟಾಗಿ ಅಚ್ಚಾಗಿ ಹೊರಬಂದವು. ಅಚ್ಚಿನಲ್ಲಿರುವ ತಪ್ಪಿಗೆ ಕೈಬರಹದ ತಪ್ಪಿಗಿಂತ ಗೌರವ ಹೆಚ್ಚು. ಒಂದು ಅಕ್ಷರ ತಿದ್ದಿಸಲು ವರುಷಗಟ್ಟಲೆ ಅಲೆದವರನ್ನು ನಾನು ಬಲ್ಲೆ.

ಮನುಷ್ಯನ ವಿವೇಕದ ಪರವಾಗಿ ವಾದಿಸಲು ಹೊರಟವನಿಗೆ ನಮ್ಮ ಸೀಮೆಯಲ್ಲಿ ಒಂದು ದೊಡ್ಡ ತೊಡಕಿದೆ. ಆ ವಿವೇಕ ಹರಾಜಿಗೆ ಬಂದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಹಗಲಿರುಳು ಹೊಸಪೇಟೆಯ ರಸ್ತೆಯಲ್ಲಿ ಅದಿರಿನ ಲಾರಿಗಳು ಹರಿದ ಆ ವರುಷಗಳಲ್ಲಿ, ಮನೆಯ ತುಳಸಿಯ ಎಲೆಯೂ ಕೆಂಪಾಗಿದ್ದ ಕಾಲದಲ್ಲಿ, ಎಷ್ಟು ತಪಾಸಣಾ ಠಾಣೆಗಳಿದ್ದವು, ಎಷ್ಟು ಮಂದಿ ಕಣ್ಣುಳ್ಳ ಮನುಷ್ಯರು ಅಲ್ಲಿ ಕುಳಿತಿದ್ದರು! ಯಾರಿಗೂ ಏನೂ ಕಾಣಲಿಲ್ಲ. ಕಾಣಿಸಿದ್ದು ಲೆಕ್ಕ. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರ ವರದಿ 2011ರ ಜುಲೈಯಲ್ಲಿ ಹೊರಬಂದಾಗ, ಅರಣ್ಯಾಧಿಕಾರಿ ಯು. ವಿ. ಸಿಂಗ್ ಅವರ ತಂಡ ಮಾಡಿದ್ದ ಕೆಲಸದ ಸಾರ ಇಷ್ಟೇ: ಬಂದರುಗಳಿಂದ ಹಡಗು ಹತ್ತಿದ ಅದಿರಿನ ಲೆಕ್ಕವನ್ನೂ ಇಲ್ಲಿ ಕೊಟ್ಟ ಪರವಾನಗಿಗಳ ಲೆಕ್ಕವನ್ನೂ ಪಕ್ಕಪಕ್ಕದಲ್ಲಿಟ್ಟು ಕೂಡಿ ಕಳೆದದ್ದು. ನಾಲ್ಕೈದು ವರುಷಗಳಲ್ಲಿ ಸುಮಾರು 2.98 ಕೋಟಿ ಟನ್ನು ಪರವಾನಗಿಯಿಲ್ಲದೆ ಹೋಗಿತ್ತು. 2010ರಲ್ಲಿ ಬೇಲೇಕೇರಿಯ ಬಂದರಿನಲ್ಲಿ ಜಪ್ತಿಮಾಡಿಟ್ಟಿದ್ದ ಅದಿರೇ ಲಕ್ಷಗಟ್ಟಲೆ ಟನ್ನು ಮಾಯವಾಗಿತ್ತು. ವರದಿ ಬಂದ ಎರಡೇ ದಿನಕ್ಕೆ, ಜುಲೈ 29ರಂದು, ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು.

ಆದ್ದರಿಂದ ಯಂತ್ರ ಕ್ರೂರ, ಮನುಷ್ಯ ಕರುಣಾಳು ಎಂಬ ಸರಳ ಕಥೆ ನಮ್ಮಲ್ಲಿ ನಡೆಯದು. ಅಂಕಿಗೆ ಹೆದರಿಕೆಯಿಲ್ಲ, ಆಸೆಯಿಲ್ಲ, ನೆಂಟರಿಲ್ಲ. ಸಾಕ್ಷಿಯಾಗಿ ಅದಕ್ಕೆ ಸಮನಿಲ್ಲ. ಆದರೆ ಅದೇ ವರದಿಯ ಇನ್ನೊಂದು ಮುಖವನ್ನೂ ನೋಡಬೇಕು. ಅದರ ಕೊನೆಗೆ ಒಬ್ಬ ಮನುಷ್ಯನ ರುಜುವಿತ್ತು. ಆ ಅಂಕಿಗಳನ್ನು ಒಪ್ಪದವರು ಅವರನ್ನು ಪ್ರಶ್ನಿಸಬಹುದಾಗಿತ್ತು, ನ್ಯಾಯಾಲಯದಲ್ಲಿ ಎಳೆದು ಕೇಳಬಹುದಾಗಿತ್ತು, ಕೇಳಿದರು ಕೂಡ. ಯಂತ್ರ ಸಾಕ್ಷ್ಯ ನುಡಿಯಿತು, ಮನುಷ್ಯ ನಿರ್ಣಯ ಹೇಳಿ ಅದಕ್ಕೆ ಹೊಣೆಯಾದ. ಸಾಕ್ಷಿಯನ್ನೇ ನ್ಯಾಯಾಧೀಶನ ಪೀಠಕ್ಕೆ ಏರಿಸಿದಾಗ ಎಲ್ಲೆ ಮೀರಿದಂತಾಯಿತು ಎಂಬುದು ನನ್ನ ತಿಳಿವಳಿಕೆ.

ಹೊಣೆಯ ಮಾತು ಬಂದಾಗ ಹೊಸಪೇಟೆಯವರಿಗೆ 2024ರ ಆಗಸ್ಟು ನೆನಪಾಗದೆ ಇರದು. ಆಗಸ್ಟು 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ಜಲಾಶಯ ತುಂಬಿ ನಿಂತಿತ್ತು. ನೀರಿನ ಮಟ್ಟ ಇಳಿಯುವವರೆಗೆ ಹರಿಯಬಿಟ್ಟು ಆಮೇಲೆ ದುರಸ್ತಿ ಮಾಡುವುದು ಒಂದು ದಾರಿ. ಅದಕ್ಕೆ ತೆರಬೇಕಾದ ಬೆಲೆ ಸುಮಾರು 60 ಟಿ.ಎಂ.ಸಿ. ನೀರು, ಎಂದರೆ ನಾಲ್ಕು ಜಿಲ್ಲೆಗಳ ರೈತರ ಅನ್ನ. ಹರಿಯುವ ನೀರಿನಲ್ಲಿಯೇ ಉಕ್ಕಿನ ಅಡ್ಡಹಲಗೆಗಳನ್ನು ಇಳಿಸುವುದು ಇನ್ನೊಂದು ದಾರಿ. ತಪ್ಪಿದರೆ ಇಳಿಸುವವರ ಪ್ರಾಣಕ್ಕೇ ಅಪಾಯ. ಎಪ್ಪತ್ತು ದಾಟಿದ ಗೇಟುತಜ್ಞ ಕನ್ನಯ್ಯ ನಾಯ್ಡು ಅವರು ಎರಡನೆಯ ದಾರಿಯನ್ನು ಹಿಡಿದರು. ಮೊದಲ ಯತ್ನ ಕೈಗೂಡಲಿಲ್ಲ. ಆಗಸ್ಟು 16ರ ಸಂಜೆ ಮೊದಲನೆಯ ಹಲಗೆ ಕುಳಿತಿತು, ಮರುದಿನ ಉಳಿದವು. ಕ್ರೇನು ಇತ್ತು, ಲೆಕ್ಕಾಚಾರವಿತ್ತು, ಗಣಕಯಂತ್ರವೂ ಇದ್ದಿರಬೇಕು. ಅವು ಅಪಾಯ ಎಷ್ಟೆಂಬುದನ್ನು ಹೇಳಬಲ್ಲವು. ಅಪಾಯವನ್ನು ಹೊರಬೇಕೆ ಎಂಬುದನ್ನು ಹೇಳಲಾರವು. ಹಲಗೆ ಕೊಚ್ಚಿಹೋಗಿದ್ದರೆ ನಾವು ಹೆಸರು ಹಿಡಿದು ಬೈಯಲು ಒಬ್ಬ ಮನುಷ್ಯ ಅಲ್ಲಿ ನಿಂತಿದ್ದ. ಆತನಿಗೂ ಅದು ತಿಳಿದಿತ್ತು. ಬೈಗುಳಕ್ಕೆ ಗುರಿಯಾಗಲಾರದ ವಸ್ತುವಿನ ಕೈಗೆ ಇಂಥ ನಿರ್ಣಯವನ್ನು ಕೊಡುವುದು ಹೇಗೆ?

ಅದೇ 2024ರ ನವೆಂಬರಿನಲ್ಲಿ ನಮ್ಮ ರಾಜ್ಯದಲ್ಲಿ ಬಿ.ಪಿ.ಎಲ್. ಚೀಟಿಗಳ ಗದ್ದಲವೆದ್ದಿತು. ಹಲವು ಇಲಾಖೆಗಳ ಮಾಹಿತಿಯನ್ನು ಗಣಕಯಂತ್ರದಲ್ಲಿ ಒಂದಕ್ಕೊಂದು ತಾಳೆಹಾಕಿ, 20 ಲಕ್ಷಕ್ಕೂ ಮಿಕ್ಕ ಚೀಟಿಗಳು ಅನರ್ಹವೆಂದು ಪಟ್ಟಿಯಾಯಿತು. ಅನರ್ಹರು ಇರಲಿಲ್ಲವೆಂದಲ್ಲ, ಕಾರಿಟ್ಟುಕೊಂಡು ಬಡವರ ಅಕ್ಕಿ ಒಯ್ಯುವವರು ಎಲ್ಲ ಊರಿನಲ್ಲಿಯೂ ಇದ್ದಾರೆ. ಆದರೆ ಸಾಲಕ್ಕಾಗಿ ಆದಾಯತೆರಿಗೆಯ ವಿವರ ಸಲ್ಲಿಸಿದವನೂ, ತೆರಿಗೆ ಕಟ್ಟುವ ಸಿರಿವಂತನೂ ಪಟ್ಟಿಗೆ ಒಂದೇ. ಅಂಗಡಿಗೆ ಹೋದಾಗಲೇ ಚೀಟಿ ರದ್ದಾದುದು ತಿಳಿದವರ ಕೂಗು ಎದ್ದಿತು. ತೆರಿಗೆದಾರರು ಮತ್ತು ಸರಕಾರಿ ನೌಕರರದ್ದನ್ನು ಬಿಟ್ಟು ಉಳಿದ ಚೀಟಿಗಳನ್ನು ಹಿಂದಿರುಗಿಸಬೇಕೆಂದು ಮುಖ್ಯಮಂತ್ರಿಗಳು ಅಪ್ಪಣೆ ಮಾಡಬೇಕಾಯಿತು. ನೆರೆಯ ತೆಲಂಗಾಣದಲ್ಲಿ ಇದಕ್ಕಿಂತ ದೊಡ್ಡದೇ ನಡೆದಿತ್ತು: ಸಮಗ್ರ ವೇದಿಕೆ ಎಂಬ ಗಣಕವ್ಯವಸ್ಥೆಯ ನೆರವಿನಿಂದ ಲಕ್ಷಗಟ್ಟಲೆ ಚೀಟಿಗಳು ರದ್ದಾಗಿ, 2022ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯ ಮನೆಮನೆಗೆ ಹೋಗಿ ಮರುಪರಿಶೀಲನೆ ಮಾಡಿರೆಂದು ಹೇಳಿತು.

ಇದು ಬಡ ದೇಶದ ಬವಣೆಯೆಂದು ತಿಳಿಯುವಂತಿಲ್ಲ. ನೆದರ್‌ಲೆಂಡ್ಸಿನಲ್ಲಿ ಮಕ್ಕಳ ಪಾಲನೆಗೆ ಕೊಡುವ ಸಹಾಯಧನದಲ್ಲಿ ಸಾವಿರಾರು ತಂದೆತಾಯಿಯರನ್ನು ಮೋಸಗಾರರೆಂದು ತಪ್ಪಾಗಿ ಗುರುತಿಸಿದ ಪ್ರಕರಣದಿಂದ 2021ರ ಜನವರಿಯಲ್ಲಿ ಮಂತ್ರಿಮಂಡಲವೇ ರಾಜೀನಾಮೆಯಿತ್ತಿತು. ಇಂಗ್ಲೆಂಡಿನ ಅಂಚೆ ಇಲಾಖೆಯ ಕಥೆ ಇನ್ನೂ ಹೃದಯವಿದ್ರಾವಕ. ‘ಹೊರೈಜನ್’ ಎಂಬ ಲೆಕ್ಕದ ವ್ಯವಸ್ಥೆ ಹಣ ಕಡಿಮೆ ತೋರಿಸಿದ ಕಾರಣಕ್ಕೆ 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಮಂದಿ ಸಣ್ಣ ಅಂಚೆ ಮಾಸ್ತರರು ಅಪರಾಧಿಗಳೆನಿಸಿದರು. ಕೆಲವರು ಸೆರೆಮನೆ ಕಂಡರು. ಗಣಕಯಂತ್ರ ಸರಿಯಾಗಿಯೇ ಕೆಲಸ ಮಾಡುತ್ತಿದೆಯೆಂದು ನ್ಯಾಯಾಲಯಗಳು ಮೊದಲೇ ಭಾವಿಸಿಕೊಳ್ಳುವ ಪದ್ಧತಿ ಅಲ್ಲಿತ್ತು. ಇಪ್ಪತ್ತು ವರುಷ ಅಂಚೆಯ ಪೆಟ್ಟಿಗೆ ಕಾಯ್ದವನ ನಡತೆಗೆ ಇಲ್ಲದ ಆ ಭಾವನೆಯ ಲಾಭ ನಿನ್ನೆ ಬಂದ ಯಂತ್ರಕ್ಕೆ ಸಿಕ್ಕಿತು. ಆ ತೀರ್ಪುಗಳನ್ನು ಒಟ್ಟಾಗಿ ಅಳಿಸಿಹಾಕಲು 2024ರಲ್ಲಿ ಪಾರ್ಲಿಮೆಂಟು ಶಾಸನವನ್ನೇ ಮಾಡಬೇಕಾಯಿತು.

ಇಲ್ಲಿಯವರೆಗೆ ಹೇಳಿದ ಯಂತ್ರಗಳಲ್ಲಿ ಬಹುಮಟ್ಟಿಗೆ ಮನುಷ್ಯ ಬರೆದ ನಿಯಮವೊಂದು ಇತ್ತು, ಹುಡುಕಿದರೆ ಸಿಕ್ಕುತ್ತಿತ್ತು. ಕೃತಕ ಬುದ್ಧಿಮತ್ತೆಯೆಂದು ಈಗ ಹೆಸರಾಗಿರುವುದರ ಬಗೆ ಬೇರೆ. ಅದಕ್ಕೆ ನಿಯಮವನ್ನು ಬರೆದುಕೊಡುವುದಿಲ್ಲ. ಲಕ್ಷ ಲಕ್ಷ ಉದಾಹರಣೆಗಳನ್ನು ಉಣಿಸುತ್ತಾರೆ, ಅದು ತಾನೇ ಸಾದೃಶ್ಯಗಳನ್ನು ಕಂಡುಕೊಳ್ಳುತ್ತದೆ. ಏಕೆ ಹೀಗೆ ಹೇಳಿದೆ ಎಂದು ಕಟ್ಟಿದವರನ್ನೇ ಕೇಳಿದರೂ ನೇರವಾದ ಉತ್ತರ ದೊರೆಯದು. ಮೇಲಾಗಿ ಅದಕ್ಕೆ ಮಾತು ಬಂದಿದೆ. ಕನ್ನಡವೂ ಬರುತ್ತದೆ, ಅದಕ್ಕಾಗಿ ಚಾಮರಾಜನಗರ ಜಿಲ್ಲೆಯ ಹಳ್ಳಿಗಳ ಜನ ಕೂಲಿ ಪಡೆದು ದೂರವಾಣಿಯ ಮುಂದೆ ಕನ್ನಡ ವಾಕ್ಯಗಳನ್ನು ಓದಿಕೊಟ್ಟಿದ್ದಾರೆ. ಚೆನ್ನಾಗಿ ಮಾತಾಡುವವನನ್ನು ನಂಬುವುದು ಮನುಷ್ಯನ ಹಳೆಯ ದೌರ್ಬಲ್ಯ. ಅಮೆರಿಕದ ಜೋಸೆಫ್ ವೈಜೆನ್‌ಬಾಮ್ ಎಂಬ ಪ್ರಾಧ್ಯಾಪಕರು 1966ರಲ್ಲಿಯೇ ಇದನ್ನು ಕಂಡು ಬೆಚ್ಚಿದ್ದರು. ಅವರ ‘ಎಲೈಜಾ’ ಕೇಳಿದ ಮಾತನ್ನೇ ತಿರುವಿ ಪ್ರಶ್ನೆಯಾಗಿ ಕೇಳುವ ಒಂದು ಸಣ್ಣ ಚಮತ್ಕಾರ. ಅದನ್ನು ಬಲ್ಲ ಅವರ ಕಾರ್ಯದರ್ಶಿನಿಯೇ, ತಾನು ಯಂತ್ರದೊಡನೆ ಮಾತಾಡುವಾಗ ತಾವು ಹೊರಗಿರಬೇಕೆಂದು ಅವರನ್ನು ಕೇಳಿಕೊಂಡಳಂತೆ. ಹತ್ತು ವರುಷದ ಮೇಲೆ ಅವರು ಬರೆದ ಗ್ರಂಥದ ವಾದ ಇಂದಿಗೂ ಹಳತಾಗಿಲ್ಲ: ಯಂತ್ರದಿಂದ ಏನು ಸಾಧ್ಯ ಎಂಬುದು ಒಂದು ಪ್ರಶ್ನೆ, ಸಾಧ್ಯವಿದ್ದರೂ ಅದರ ಕೈಗೆ ಏನನ್ನು ಕೊಡಬಾರದು ಎಂಬುದು ಬೇರೆಯೇ ಪ್ರಶ್ನೆ.

ಎರಡನೆಯ ಪ್ರಶ್ನೆ ನಮ್ಮ ನ್ಯಾಯಪೀಠಗಳ ಬಾಗಿಲಿಗೂ ಬಂದಿದೆ. 2024ರ ಡಿಸೆಂಬರಿನಲ್ಲಿ ಬೆಂಗಳೂರಿನ ಆದಾಯತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಒಂದು ಆದೇಶದಲ್ಲಿ, ಲೋಕದಲ್ಲಿ ಇಲ್ಲವೇ ಇಲ್ಲದ ತೀರ್ಪುಗಳ ಉಲ್ಲೇಖವಿದ್ದುದು ಬೆಳಕಿಗೆ ಬಂದು, ಆದೇಶವನ್ನು ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆಯಲಾಯಿತು. 2025ರ ಮಾರ್ಚಿನಲ್ಲಿ, ಬೆಂಗಳೂರಿನ ಸಿವಿಲ್ ನ್ಯಾಯಾಧೀಶರೊಬ್ಬರು ಇಲ್ಲದ ತೀರ್ಪುಗಳನ್ನು ಆಧರಿಸಿದ್ದುದನ್ನು ಕಂಡ ಕರ್ನಾಟಕ ಉಚ್ಚ ನ್ಯಾಯಾಲಯ, ಮುಂದಿನ ಕ್ರಮಕ್ಕಾಗಿ ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲು ಹೇಳಿತು. ಅದೇ ವರುಷದ ಜುಲೈಯಲ್ಲಿ ಕೇರಳದ ಉಚ್ಚ ನ್ಯಾಯಾಲಯ, ಕೃತಕ ಬುದ್ಧಿಮತ್ತೆಯಿಂದ ನಿರ್ಣಯ ಮಾಡಿಸಕೂಡದೆಂದು ತನ್ನ ಕೆಳಗಿನ ನ್ಯಾಯಾಲಯಗಳಿಗೆ ನಿಯಮ ಹಾಕಿತು. ನಮ್ಮ ಉಚ್ಚ ನ್ಯಾಯಾಲಯ ಕ್ರಮ ಕೈಗೊಳ್ಳಬೇಕೆಂದಾಗ ಅದರ ಕೈಗೆ ಸಿಕ್ಕಿದ್ದು ಏನು? ಆ ಆದೇಶದ ಕೆಳಗಿದ್ದ ರುಜು.

ಈ ವಿಷಯದಲ್ಲಿ ಕನ್ನಡಿಗರು ಹೆಮ್ಮೆಪಡಬಹುದಾದ ಒಂದು ಹೆಸರಿದೆ. ನಮ್ಮಲ್ಲಿ ಆಗಬೇಕಾದಷ್ಟು ಸ್ಮರಣೆ ಅವರಿಗೆ ಆಗಿಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಮೊಮ್ಮಕ್ಕಳನ್ನು ಆಡಿಸಿಕೊಂಡು ಇರಬಹುದಾಗಿದ್ದ ಕಾಲ. ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟು 24ರಂದು ಒಮ್ಮತದಿಂದ ಹೇಳಿದ ತೀರ್ಪು ಇಂದು ಅವರ ಹೆಸರಿನಿಂದಲೇ ಲೋಕದಲ್ಲಿ ಪ್ರಸಿದ್ಧ. ಮರುವರುಷ ಐವರ ಪೀಠ ಬಹುಮತದಿಂದ ಸರಕಾರದ ಸಹಾಯಧನಗಳಿಗೆ ಆಧಾರನ್ನು ಎತ್ತಿಹಿಡಿದು, ಖಾಸಗಿ ಕಂಪೆನಿಗಳು ಅದನ್ನು ಕೇಳುವ ಅವಕಾಶವನ್ನು ತೆಗೆದುಹಾಕಿತು. ಪುಟ್ಟಸ್ವಾಮಿಯವರಿಗೆ ಅರ್ಧ ಗೆಲವು. 2024ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಸೊಸೈಟಿಯ ಮುಂದೆ ನಿಂತ ಅಜ್ಜಿಗೆ ಉಳಿದಿರುವುದು ಇನ್ನರ್ಧ.

ಆಡಳಿತಗಾರರ ಆಕ್ಷೇಪಣೆಯನ್ನು ನಾನು ಬಲ್ಲೆ. ಕೋಟಿಗಟ್ಟಲೆ ಜನರ ವ್ಯವಹಾರ. ಪ್ರತಿಯೊಂದಕ್ಕೂ ಮನುಷ್ಯನ ರುಜು ಬೇಕೆಂದರೆ ಮತ್ತೆ ಕರಣಂ ಕಾಲವೇ ಬಂದೀತು ಎನ್ನುತ್ತಾರೆ. ಮಾತು ನಿಜ. ಆದರೆ ಪ್ರತಿಯೊಂದಕ್ಕೂ ಬೇಕಿಲ್ಲ. ‘ಹೌದು’ ಎನ್ನುವ ಕೆಲಸವನ್ನು ಯಂತ್ರಕ್ಕೆ ಬಿಡಬಹುದು. ನೂರರಲ್ಲಿ ತೊಂಬತ್ತಕ್ಕೂ ಮೇಲ್ಪಟ್ಟು ಅದೇ ಇರುತ್ತದೆ. ‘ಅಲ್ಲ’ ಎನ್ನುವುದನ್ನು ಬಿಡಲಾಗದು. ಅನ್ನವನ್ನೋ ಪಿಂಚಣಿಯನ್ನೋ ಸ್ವಾತಂತ್ರ್ಯವನ್ನೋ ಒಬ್ಬನಿಗೆ ಇಲ್ಲವೆನ್ನುವ ಮಾತು ಮನುಷ್ಯನ ಬಾಯಿಂದ, ಕಾರಣ ಸಹಿತ, ಹೆಸರು ಸಹಿತ ಬರಬೇಕು. ಆ ಮನುಷ್ಯ ಬರಿಯ ಮೊಹರು ಒತ್ತುವವನಾಗಿರಕೂಡದು. ಯಂತ್ರದ ಮಾತನ್ನು ಮೀರುವ ಅಧಿಕಾರವೂ, ಮೀರಿದುದಕ್ಕೆ ಶಿಕ್ಷೆಯ ಭಯವಿಲ್ಲದಿರುವ ನೆಮ್ಮದಿಯೂ ಅವನಿಗೆ ಇರಬೇಕು. ಯೂರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ಮಾಹಿತಿ ರಕ್ಷಣೆಯ ಕಾನೂನು, ಕೇವಲ ಯಂತ್ರ ಮಾಡಿದ ನಿರ್ಣಯಕ್ಕೆ ಒಳಗಾಗದಿರುವ ಹಕ್ಕನ್ನು ಪ್ರಜೆಗೆ ಕೊಟ್ಟಿದೆ. ನಮ್ಮ 2023ರ ಕಾಯಿದೆಯಲ್ಲಿ ಅಂಥ ಸೊಲ್ಲಿಲ್ಲ.

ಪಡಿತರದ ಮಟ್ಟಿಗಾದರೂ ಕ್ರಮವೊಂದು ಇದೆಯೆಂಬುದನ್ನು ಹೇಳದಿದ್ದರೆ ತಪ್ಪಾದೀತು. ಆಧಾರ್ ಇಲ್ಲದ, ಅಥವಾ ಬೆರಳು ಹೊಂದದ ಕಾರಣಕ್ಕೆ ಹಕ್ಕುದಾರರನ್ನು ಹಿಂದಕ್ಕೆ ಕಳುಹಿಸಕೂಡದು, ಅಂಥ ವಿತರಣೆಯನ್ನು ಬೇರೆಯಾಗಿ ಬರೆದಿಡಬೇಕು ಎಂದು ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರಿನಲ್ಲಿಯೇ ರಾಜ್ಯಗಳಿಗೆ ಬರೆದಿತ್ತು. ನಾನು ಆ ಬೆಳಿಗ್ಗೆ ಅಂಗಡಿಯವನಿಗೆ ಹೇಳಿದ್ದು ಇದನ್ನೇ. ಅವನು ನನ್ನನ್ನು ನೋಡಿ ನಕ್ಕ. ‘ಬರೆದು ಕೊಟ್ಟೆ ಅನ್ನಿ ಸಾರ್, ನಾಳೆ ಚೆಕಿಂಗಿಗೆ ಬಂದೋರು ನೀನೇ ತಿಂದಿ ಅಂದ್ರ ನಾನು ಯಾರ ಹೆಸರು ಹೇಳ್ಲಿ?’ ಎಂದ. ಅವನಲ್ಲಿ ಅದಕ್ಕೆಂದು ಇಟ್ಟ ಪುಸ್ತಕವೇನೋ ಇತ್ತು. ಗಲ್ಲೆಯ ಕೆಳಗಿನಿಂದ ತೆಗೆದು ತೋರಿಸಿದ. ರಟ್ಟಿನ ಮೇಲೆ ವರುಷವನ್ನು ಬರೆದಿತ್ತು. ಒಳಗೆ ಒಂದು ಹೆಸರೂ ಇರಲಿಲ್ಲ.

ಕೊನೆಗೆ ಅಜ್ಜಿಯ ಮೊಮ್ಮಗನಿಗೆ ಬೆಂಗಳೂರಿಗೆ ಫೋನು ಮಾಡಿದೆವು. ಚೀಟಿಗೆ ಜೋಡಿಸಿದ್ದುದು ಅವನ ನಂಬರು. ಅವನು ಕೆಲಸದಲ್ಲಿದ್ದ; ಮೂರನೆಯ ಸಲಕ್ಕೆ ಎತ್ತಿಕೊಂಡ. ಅವನ ಫೋನಿಗೆ ಬಂದ ಅಂಕಿಗಳನ್ನು ಅವನು ಗದ್ದಲದ ನಡುವೆ ಕೂಗಿ ಹೇಳಿದ, ನಾನು ಗಟ್ಟಿಯಾಗಿ ತಿರುಗಿ ಹೇಳಿದೆ, ಅಂಗಡಿಯವನು ಒತ್ತಿದ. ಯಂತ್ರ ಹಸಿರಾಯಿತು. ಅಜ್ಜಿ ಚೀಲದ ಬಾಯಿ ಹಿಡಿದು ನಿಂತರು. ‘ಮುಂದಿನ ತಿಂಗ್ಳೂ ಅವನು ಫೋನ್ ಎತ್ತಬೇಕಲ್ರಿ’ ಎಂದರು.